ಮಳೆಗಾಲಕ್ಕೊಂದು ಪುಸ್ತಕದ ಕಟ್ಟು: ಲೈಬ್ರರಿಯಿಂದ ತರುವುದು, ಓದುವುದು, ಹಿಂದೆ ಕೊಡುವುದು

ಪತ್ತನಾಜೆ ಕಳೆಯಿತು ಅಂದರೆ ನಮ್ಮ ಮಂಗಳೂರು ಕಡೆ ಒಂದು ಸದ್ದು ನಿಲ್ಲುತ್ತದೆ. ತುಳುವರ ಬೇಶ ತಿಂಗಳ ಹತ್ತನೇ ದಿನ ಅದು, ಹೆಚ್ಚುಕಮ್ಮಿ ಮೇ 24ಕ್ಕೆ ಬರುತ್ತದೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ದೈವಗಳ ಕೋಲ, ನೇಮ ಮುಗಿಯುತ್ತವೆ. ರಾತ್ರಿ ಎಲ್ಲಿಂದಲೋ ಕೇಳುತ್ತಿದ್ದ ಚೆಂಡೆ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೂ ರಜೆ. ಆಮೇಲೆ ಮಳೆ. ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಊರು ನಮ್ಮದು, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳಲ್ಲೇ ಸುರಿದುಬಿಡುತ್ತದೆ. ಓದಲು ಇದಕ್ಕಿಂತ ಒಳ್ಳೆ ಕಾಲ ಯಾವುದುಂಟು?

ನಮ್ಮ ಮನೆಯ ಕಪಾಟಿನಲ್ಲಿ ದುಡ್ಡು ಕೊಟ್ಟು ತಂದು, ಇನ್ನೂ ಮುಟ್ಟದ ಪುಸ್ತಕ ಇಪ್ಪತ್ತರ ಮೇಲೆ ಇವೆ. ಲೈಬ್ರರಿಯಿಂದ ತಂದದ್ದು ಮಾತ್ರ ಓದಿ ಆಗುತ್ತದೆ. ಯಾಕೆ ಅಂತ ತುಂಬಾ ಸಲ ಯೋಚಿಸಿದ್ದೇನೆ. ಕೊಂಡ ಪುಸ್ತಕ ಮನೆಯವರ ಹಾಗೆ. ಎಲ್ಲಿಗೂ ಹೋಗುವುದಿಲ್ಲ, ನಾಳೆ ಮಾತಾಡಿದರೂ ಆಯ್ತು. ಲೈಬ್ರರಿ ಪುಸ್ತಕ ನೆಂಟರ ಹಾಗೆ. ಹೊರಡುವ ದಿನ ಬಂದಾಗಲೇ ಗೊತ್ತಿರುತ್ತದೆ. ಹಾಗಾಗಿ ಇರುವಷ್ಟು ದಿನ ಪಕ್ಕದಲ್ಲಿ ಕೂತು ಮಾತಾಡುತ್ತೇವೆ. ಅವರ ನೆಪದಲ್ಲಿ ನಮಗೂ ಒಂದು ಒಳ್ಳೆ ಚಾ, ಒಂದು ತಿಂಡಿ, ಸ್ವಲ್ಪ ಬಿಡುವು ಸಿಗುತ್ತದೆ. ಈ ಬಿಡುವನ್ನು ಮನೆಗೆ ತರುವುದು ಹೇಗೆ ಅಂತ, ನಾಲ್ಕು ಮಳೆಗಾಲ ಮಾಡಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರ್ಡು

ಮನೆ ತೆರಿಗೆ ಕಟ್ಟಿದ ರಶೀದಿ ಇದ್ದರೆ ಒಮ್ಮೆ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಸೇರಿರುತ್ತದೆ. ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಬಂದ ಕರ ಇದು. ಅಂದರೆ ಲೈಬ್ರರಿಗೆ ನೀವು ವರ್ಷ ವರ್ಷ ದುಡ್ಡು ಕೊಡುತ್ತಲೇ ಇದ್ದೀರಿ. ಒಳಗೆ ಹೋಗಿ ಪುಸ್ತಕ ಕೇಳಲು ಸಂಕೋಚ ಯಾಕೆ?

ಮಂಗಳೂರಿನವರಿಗೆ ಬಾವುಟಗುಡ್ಡೆಯಲ್ಲಿ ನಗರ ಕೇಂದ್ರ ಗ್ರಂಥಾಲಯ ಉಂಟು. ಉಡುಪಿಯವರು ಅಜ್ಜರಕಾಡಿಗೆ ಹೋಗಬಹುದು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯತಿನ ಲೈಬ್ರರಿ ಹುಡುಕಿ, ಈಗ ಅದಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು. ಅಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 2020ರಿಂದ ಸದಸ್ಯತ್ವ ಉಚಿತ.

ಆಧಾರ್ ಜೆರಾಕ್ಸ್, ವಿಳಾಸಕ್ಕೊಂದು ದಾಖಲೆ, ಎರಡು ಪಾಸ್‌ಪೋರ್ಟ್ ಅಳತೆಯ ಫೋಟೊ ಹಿಡಿದುಕೊಂಡು ಹೋಗಿ. ಠೇವಣಿ ಕಟ್ಟಿಸಿಕೊಂಡರೆ ಅದರ ರಶೀದಿಯನ್ನು ಜೋಪಾನ ಮಾಡಿ, ಸದಸ್ಯತ್ವ ಬಿಡುವ ದಿನ ಅದು ಬೇಕಾಗುತ್ತದೆ. ಕೌಂಟರಿನಲ್ಲಿ ನಾಲ್ಕು ಪ್ರಶ್ನೆ ಕೇಳಿಯೇ ಹೊರಡಿ. ಒಂದು ಸಲಕ್ಕೆ ಎಷ್ಟು ಪುಸ್ತಕ? ಎಷ್ಟು ದಿನಕ್ಕೆ? ದಿನ ಮುಂದುವರಿಸಲು ಪುಸ್ತಕ ತಂದೇ ತೋರಿಸಬೇಕಾ? ತಡವಾದರೆ ದಂಡ ಎಷ್ಟು? ಉತ್ತರವನ್ನು ಅಲ್ಲೇ ಒಂದು ಚೀಟಿಯಲ್ಲಿ ಬರೆದು ಕಾರ್ಡಿನ ಜೊತೆ ಇಟ್ಟುಕೊಳ್ಳಿ.

ಮನೆಯಲ್ಲಿ ಎಷ್ಟು ಜನ ಓದುವವರಿದ್ದಾರೋ ಅಷ್ಟು ಕಾರ್ಡು ಮಾಡಿಸಿ. ಮುಖ್ಯವಾಗಿ ಮಕ್ಕಳಿಗೆ ಅವರದ್ದೇ ಹೆಸರಿನಲ್ಲಿ ಬೇಕು. ತನ್ನ ಹೆಸರಿರುವ ಕಾರ್ಡನ್ನು ನನ್ನ ಮಗಳು ಪೆನ್ಸಿಲ್ ಡಬ್ಬದೊಳಗೆ, ರಬ್ಬರಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಅದನ್ನು ಕೇಳಿದರೆ ಕೊಡುವುದಿಲ್ಲ, ತಾನೇ ಬಂದು ಕೌಂಟರಿನ ಮೇಲೆ ಇಡುತ್ತಾಳೆ.

ಹೋಗುವ ದಿನ

ಸಾರ್ವಜನಿಕ ಗ್ರಂಥಾಲಯಗಳಿಗೆ ಸೋಮವಾರ ರಜೆ. ತಿಂಗಳ ಎರಡನೇ ಮಂಗಳವಾರವೂ ರಜೆ, ಸರ್ಕಾರಿ ರಜೆಗಳೂ ಸೇರುತ್ತವೆ. ಭಾನುವಾರ ತೆರೆದಿರುತ್ತದೆ ಎಂಬುದು ತುಂಬಾ ಜನರಿಗೆ ಗೊತ್ತೇ ಇಲ್ಲ. ಕೆಲಸಕ್ಕೆ ಹೋಗುವವರಿಗೆ ಭಾನುವಾರ ಬೆಳಿಗ್ಗೆಯೇ ಸರಿ. ಆದರೆ ಮಳೆ ನೋಡಿಕೊಂಡು ಹೊರಡಿ. ಪಡುವಣ ಬದಿ ಕಪ್ಪು ಕಟ್ಟಿದ್ದರೆ ಅರ್ಧ ಗಂಟೆ ಕಾಯಿರಿ. ಜೋರು ಮಳೆ ಒಂದು ಸಲ ಹೊಡೆದು ಹೋದ ಮೇಲೆ ಸ್ವಲ್ಪ ಹೊತ್ತು ಬಿಡುವು ಸಿಗುತ್ತದೆ.

ಹಂಪನಕಟ್ಟೆಯಲ್ಲಿ ಬಸ್ಸಿಳಿದು ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಏರು ಹತ್ತಿ ಹೋಗುವುದು ನನಗಿಷ್ಟ. ಆ ಹಂಪನಕಟ್ಟೆಯಲ್ಲೇ ಈಗಿನ ವಿಶ್ವವಿದ್ಯಾನಿಲಯ ಕಾಲೇಜು ಉಂಟಲ್ಲ, ಅದು 1868ರಲ್ಲಿ ಶುರುವಾದ ಸರ್ಕಾರಿ ಕಾಲೇಜು. 1917ರಲ್ಲಿ 25 ವರ್ಷದ ಒಬ್ಬ ಯುವಕ ಅಲ್ಲಿಗೆ ಮೇಷ್ಟರಾಗಿ ಬಂದರು. ಅವರೇ ಎಸ್. ಆರ್. ರಂಗನಾಥನ್. ಆಗ ಅವರು ಗಣಿತದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯಗಳಿಗೆ ಐದು ಸೂತ್ರ ಬರೆದರು. ಈಗ ಆಗಸ್ಟ್ 12ರಂದು, ನಮ್ಮಲ್ಲಿ ತುಳುವರ ಆಟಿ ತಿಂಗಳು ಮುಗಿಯುವ ಹೊತ್ತಿಗೆ, ಅವರ ಹೆಸರಿನಲ್ಲೇ ಗ್ರಂಥಪಾಲಕರ ದಿನ ಮಾಡುತ್ತಾರೆ. ಅವರ ಮೊದಲ ಸೂತ್ರ, ಪುಸ್ತಕ ಇರುವುದು ಬಳಸಲಿಕ್ಕೆ ಅಂತ. ಆ ಏರು ಹತ್ತುವಾಗ ಇದು ನೆನಪಾಗುತ್ತದೆ. ದೇಶದ ಲೈಬ್ರರಿಗಳಿಗೆಲ್ಲ ದಾರಿ ತೋರಿಸಿದವರು ನಮ್ಮ ಇದೇ ಮಳೆಯಲ್ಲಿ ಕೊಡೆ ಹಿಡಿದು ಓಡಾಡಿದ್ದರು ಅಂದರೆ ಏನೋ ಖುಷಿ.

ಕಟ್ಟು ಕಟ್ಟುವುದು

ಇಲ್ಲಿ ಸಮಯ ಕೊಡಿ. ಕಮ್ಮಿ ಅಂದರೂ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಮೊದಲು ನಿಮ್ಮ ವೇಗ ಗೊತ್ತಿರಬೇಕು. ಮನೆಯಲ್ಲಿ ಒಂದು ದಿನ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಓದಿ, ಎಷ್ಟು ಪುಟ ಆಯ್ತು ಎಣಿಸಿ. ನನ್ನದು ಏಳು. ದಿನಕ್ಕೆ ಅರ್ಧ ಗಂಟೆ ಸಿಕ್ಕಿದರೆ 20 ಪುಟ. ಪುಸ್ತಕ 15 ದಿನಕ್ಕೆ ಕೊಟ್ಟರೆ ಒಟ್ಟು 300 ಪುಟ. ನೆಂಟರ ಮನೆ, ಜ್ವರ, ಮಕ್ಕಳ ಪರೀಕ್ಷೆ ಅಂತ ಮೂರು ನಾಲ್ಕು ದಿನ ಕಳೆದರೆ 220. ಹಾಗಾಗಿ ನನ್ನ ಪಾಲಿಗೆ ಒಂದು ಸಾಧಾರಣ ಗಾತ್ರದ್ದು, ಒಂದು ತೆಳ್ಳಗಿನದು, ಅಷ್ಟೇ. ಈ ಲೆಕ್ಕ ಗೊತ್ತಿಲ್ಲದ ಮೊದಲ ವರ್ಷ 500 ಪುಟದ ಕಾದಂಬರಿ ತಂದು, ಅರ್ಧಕ್ಕೆ ಹಿಂದೆ ಕೊಟ್ಟು, ತುಂಬಾ ಬೇಸರ ಮಾಡಿಕೊಂಡಿದ್ದೆ.

ನಮ್ಮ ಮನೆಯ ಕಟ್ಟು ಮೂರು ಕಾರ್ಡಿನದು. ಅದರಲ್ಲಿ ಒಂದು ನಾನು ಒಬ್ಬಳೇ ಕೂತು ಓದುವುದು. ಒಂದು ಬಸ್ಸಿಗೆ. ಬಸ್ಸಿನದು ಸಣ್ಣ ಸಣ್ಣ ಬರಹ ಇರುವಂಥದ್ದೇ ಆಗಬೇಕು, ಪ್ರಬಂಧವೋ ಕಥೆಯೋ, ಯಾಕೆಂದರೆ ಸ್ಟಾಪು ಬಂದಾಗ ಮುಚ್ಚಿ ಇಳಿಯಬೇಕು. ಒಂದು ಗಟ್ಟಿಯಾಗಿ ಓದಲಿಕ್ಕೆ. ಮಗಳಿಗೆ ಚಿತ್ರ ಇರುವುದು ಒಂದು. ಇನ್ನೊಂದನ್ನು ಮಾತ್ರ ನಾನು ಬೇಕೆಂದೇ ಗೊತ್ತಿಲ್ಲದ ಕಪಾಟಿನಿಂದ ತೆಗೆಯುತ್ತೇನೆ. ಜೇನು ಸಾಕಣೆ, ಹಳೇ ನಾಣ್ಯ, ಯಾರದ್ದೋ ರೈಲ್ವೆ ಕೆಲಸದ ನೆನಪು. ಮನೆಗೆ ಬಂದ ಮೇಲೆ ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ.

ಕಪಾಟಿನ ಮುಂದೆ ನಿಂತಾಗ ಹಿಂಬದಿಯ ಹೊಗಳಿಕೆ ಓದಬೇಡಿ. ಮಧ್ಯದ ಯಾವುದಾದರೂ ಒಂದು ಪುಟ ತೆರೆದು ಪೂರ್ತಿ ಓದಿ. ಆ ಪುಟ ಮುಗಿದಾಗ ಕೈ ತಾನಾಗಿಯೇ ಮುಂದಿನ ಪುಟಕ್ಕೆ ಹೋದರೆ ಆ ಪುಸ್ತಕ ನಿಮ್ಮದು. ಲೇಖಕರು ದೊಡ್ಡವರು, ನಾನು ಓದಲೇಬೇಕಿತ್ತು ಅಂತ ತಂದದ್ದು ನನ್ನ ಅನುಭವದಲ್ಲಿ ಹೆಚ್ಚಿನ ಸಲ ಕಟ್ಟಿನ ಅಡಿಯಲ್ಲೇ ಉಳಿದಿದೆ.

ಕಪಾಟು ಹುಡುಕುವುದು ಕಷ್ಟ ಅನಿಸಿದರೆ ಬೆನ್ನಿನ ಮೇಲಿನ ಚೀಟಿ ನೋಡಿ. ವಿಷಯಕ್ಕೊಂದು ನಂಬರು ಕೊಡುವ ಡ್ಯೂಯಿ ಪದ್ಧತಿಯಲ್ಲಿ ಜೋಡಿಸಿದ ಲೈಬ್ರರಿಯಾದರೆ 894.814 ಅಂದರೆ ಕನ್ನಡ ಸಾಹಿತ್ಯ. 500ರ ಸಾಲು ವಿಜ್ಞಾನ, 900ರ ಸಾಲು ಚರಿತ್ರೆ ಮತ್ತು ಪ್ರವಾಸ. ಅದೂ ಗೊತ್ತಾಗದಿದ್ದರೆ ಸಿಬ್ಬಂದಿಯನ್ನು ಕೇಳಿ. “ಮೇಡಂ, ಮಳೆಗಾಲದಲ್ಲಿ ಓದಲಿಕ್ಕೆ ಎಂತಾದರೂ ಕೊಡಿ” ಅಂತ ನಾನು ಒಮ್ಮೆ ಕೇಳಿದ್ದಕ್ಕೆ ಅವರು ಎದ್ದು ಬಂದು ಕೆಳಗಿನ ಸಾಲಿನಿಂದ ಮೂರು ಪುಸ್ತಕ ತೆಗೆದುಕೊಟ್ಟರು. ಮೂರೂ ಚೆನ್ನಾಗಿದ್ದವು.

ಇನ್ನು ಪುಸ್ತಕದ ಆರೋಗ್ಯ. ಮೂಗಿನ ಹತ್ತಿರ ಹಿಡಿಯಿರಿ. ಹಳೇ ಕಾಗದದ ವಾಸನೆ ಇದ್ದರೆ ಅಡ್ಡಿಯಿಲ್ಲ, ಒದ್ದೆ ಗೋಣಿಯ ವಾಸನೆ ಬಂದರೆ ಬೂಷ್ಟು ಶುರುವಾಗಿದೆ ಅಂತ ಲೆಕ್ಕ. ಅದನ್ನು ಮನೆಯ ಕಟ್ಟಿಗೆ ಸೇರಿಸಬೇಡಿ, ಉಬ್ಬಸ ಇರುವವರಂತೂ ಮುಟ್ಟಲೇಬೇಡಿ. ಕೊನೆಯ ಪುಟ ಉಂಟಾ ನೋಡಿ. ಪತ್ತೇದಾರಿ ಕಾದಂಬರಿಯಲ್ಲಿ ಇದನ್ನು ಮರೆತರೆ ತುಂಬಾ ಸಂಕಟ. ಹರಿದದ್ದು, ಗೀಚಿದ್ದು ಏನಾದರೂ ಇದ್ದರೆ ಕೌಂಟರಿನಲ್ಲೇ ತೋರಿಸಿ ಹೇಳಿ, ಆಮೇಲೆ ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಮಕ್ಕಳು ಜೊತೆಗಿದ್ದರೆ ಒಂದು ಗುಟ್ಟು ಹೇಳಿಕೊಡಿ. ತುಂಬಾ ಲೈಬ್ರರಿಗಳಲ್ಲಿ ಮೊದಲ ಪುಟಕ್ಕೆ ಮಾತ್ರ ಅಲ್ಲದೆ, ಒಳಗೆ ಗೊತ್ತು ಮಾಡಿದ ಒಂದು ಪುಟಕ್ಕೂ ಮೊಹರು ಒತ್ತುತ್ತಾರೆ. ಮೊದಲ ಪುಟ ಯಾರಾದರೂ ಕಿತ್ತರೂ ಪುಸ್ತಕ ಯಾರದ್ದು ಅಂತ ಗೊತ್ತಾಗಲಿ ಎಂದು. ಎಲ್ಲಾ ಪುಸ್ತಕದಲ್ಲೂ ಅದೇ ನಂಬರಿನ ಪುಟ. ಆ ಪುಟ ಎಷ್ಟನೆಯದು ಅಂತ ಹುಡುಕುವುದು ನನ್ನ ಮಗಳಿಗೆ ಎರಡು ಭಾನುವಾರದ ಕೆಲಸವಾಯಿತು. ಸಿಕ್ಕಿದ ದಿನ ಅವಳು ಕಿವಿಯಲ್ಲಿ ಹೇಳಿದಳು. ನಾನೂ ಇಲ್ಲಿ ಬರೆಯುವುದಿಲ್ಲ.

ಮನೆಗೆ ತರುವಾಗ

ಬಟ್ಟೆ ಚೀಲ, ಅದರೊಳಗೆ ಒಂದು ದಪ್ಪ ಪ್ಲಾಸ್ಟಿಕ್ ತೊಟ್ಟೆ, ತೊಟ್ಟೆಯೊಳಗೆ ಪುಸ್ತಕ. ತೊಟ್ಟೆಯ ಬಾಯಿ ಎರಡು ಸುತ್ತು ಮಡಚಿ ಕೆಳಗೆ ತಿರುಗಿಸಿ. ಚೀಲವನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳಿ, ಕೊಡೆ ನಿಜವಾಗಿ ಕಾಯುವುದು ಎದೆಯನ್ನು ಮಾತ್ರ. ಒದ್ದೆ ಕೊಡೆಯನ್ನು ಅದೇ ಚೀಲಕ್ಕೆ ತುರುಕಬೇಡಿ. ದಾರಿಯಲ್ಲಿ ಗೋಳಿಬಜೆ ಕಟ್ಟಿಸಿಕೊಂಡರೆ ಅದಕ್ಕೂ ಬೇರೆ ಚೀಲ. ಗೋಳಿಬಜೆ ಮಾತ್ರ ಬಿಡಬೇಡಿ. ಪುಸ್ತಕ ತಂದ ಸಂಜೆಗೆ ಅದು ಇರಲೇಬೇಕು ಎಂಬುದು ನಮ್ಮ ಮನೆಯ ನಿಯಮ.

ಮನೆಯಲ್ಲಿ ಜಾಗ ಮತ್ತು ಹೊತ್ತು

ಕಟ್ಟು ಕಣ್ಣಿಗೆ ಬೀಳಬೇಕು. ಕಪಾಟಿನೊಳಗೆ ಹೋದರೆ ಅದು ಕೊಂಡ ಪುಸ್ತಕವೇ ಆಗಿಬಿಡುತ್ತದೆ. ನಾವು ಚಾವಡಿಯ ಮರದ ಸ್ಟೂಲಿನ ಮೇಲೆ ಇಡುತ್ತೇವೆ, ಗೋಡೆಯಿಂದ ಒಂದು ಗೇಣು ದೂರ. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ತಾಗಿಸಿ ಇಟ್ಟರೆ ಪುಸ್ತಕಕ್ಕೆ ತಂಪು ಹಿಡಿಯುತ್ತದೆ. ಮುಚ್ಚಿದ ಪೆಟ್ಟಿಗೆಯೂ ಬೇಡ, ಗಾಳಿ ಆಡಬೇಕು. ನುಸಿಗುಳಿಗೆ ಇಟ್ಟರೆ ಬೂಷ್ಟು ಬರುವುದಿಲ್ಲ ಎಂದು ಕೆಲವರು ನಂಬುತ್ತಾರೆ. ಅದು ಹುಳಕ್ಕೆ, ಬೂಷ್ಟಿಗಲ್ಲ.

ಹಿಂದೆ ಕೊಡುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಎರಡು ದಿನ ಮೊದಲೇ ಗುರುತು ಮಾಡಿ. ಕೊನೆಯ ದಿನ ಸೋಮವಾರ ಬಿದ್ದರೆ ಭಾನುವಾರವೇ ಹೋಗಬೇಕಾಗುತ್ತದೆ.

ಓದಲು ಒಂದೇ ಹೊತ್ತು ಇಟ್ಟುಕೊಳ್ಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ‘ಬಿಡುವಾದಾಗ ಓದುತ್ತೇನೆ’ ಅಂದರೆ ಬಿಡುವಿಗೆ ಮೊದಲು ಫೋನು ಬಂದು ಕೂರುತ್ತದೆ. ನನ್ನ ಹೊತ್ತು ಸಂಜೆಯ ಚಾ ಆದ ಮೇಲಿನ ಅರ್ಧ ಗಂಟೆ, ದೀಪ ಹಚ್ಚುವ ತನಕ. ಆಗ ಫೋನು ಒಳಗಿನ ಕೋಣೆಯಲ್ಲಿ ಇರುತ್ತದೆ. ಕರೆಂಟು ಹೋಗುವುದು ನಮ್ಮಲ್ಲಿ ಇದ್ದದ್ದೇ, ಹಾಗಾಗಿ ಒಂದು ಚಾರ್ಜರ್ ಲೈಟ್ ತುಂಬಿಸಿ ಅದೇ ಸ್ಟೂಲಿನ ಕೆಳಗೆ ಇಟ್ಟಿರುತ್ತೇವೆ.

ತಿಂಡಿಯ ಬಗ್ಗೆ ಒಂದು ಮಾತು. ಹಲಸಿನ ಹಪ್ಪಳ ಮಳೆಗೆ ಚಂದ, ಪುಸ್ತಕಕ್ಕೆ ಶತ್ರು. ಎಣ್ಣೆ ಬೆರಳಿನ ಗುರುತು ಪುಟದಿಂದ ಹೋಗುವುದೇ ಇಲ್ಲ. ಓದುವಾಗ ಸಾಂತಾಣಿ ಒಳ್ಳೆಯದು. ಹಲಸಿನ ಬೀಜವನ್ನು ಉಪ್ಪು ಹಾಕಿ ಬೇಯಿಸಿ ಬಿಸಿಲಲ್ಲಿ ಒಣಗಿಸಿದ್ದು ತಾನೇ, ಕೈಗೆ ಏನೂ ಅಂಟುವುದಿಲ್ಲ. ಬಾಯಲ್ಲಿ ಒಂದು ಬೀಜ ಹಾಕಿಕೊಂಡರೆ ಎರಡು ಪುಟ ಬರುತ್ತದೆ.

ಪುಟದ ಕಿವಿ ಮಡಚಬೇಡಿ. ಮಲ್ಲಿಗೆ, ಎಲೆ ಇಡುವುದೂ ಬೇಡ, ಅದರ ನೀರು ಕಾಗದಕ್ಕೆ ಕಂದು ಕಲೆ ಮಾಡುತ್ತದೆ. ಬಸ್ಸಿನ ಟಿಕೆಟ್ ಸಾಕು.

50 ಪುಟ ಓದಿಯೂ ಮನಸ್ಸು ಹತ್ತದಿದ್ದರೆ ಬಿಟ್ಟುಬಿಡಿ. ದುಡ್ಡು ಕೊಟ್ಟಿಲ್ಲ, ನಷ್ಟ ಇಲ್ಲ. ನೆಂಟರಲ್ಲೂ ಎಲ್ಲರ ಹತ್ತಿರವೂ ಮಾತು ಕೂಡಿ ಬರುವುದಿಲ್ಲ ಅಲ್ವಾ? ಬಿಟ್ಟ ಪುಸ್ತಕವನ್ನು ಕಟ್ಟಿನಿಂದ ತೆಗೆದು ಚೀಲಕ್ಕೆ ಹಾಕಿಬಿಡಿ. ಅದು ಸ್ಟೂಲಿನ ಮೇಲೆ ಕೂತು ನಿಮ್ಮನ್ನು ನೋಡುತ್ತಾ ಇದ್ದರೆ ಉಳಿದದ್ದನ್ನೂ ಓದಲು ಬಿಡುವುದಿಲ್ಲ.

ಗಟ್ಟಿಯಾಗಿ ಓದುವುದು

ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಸಂತೋಷ ಕೊಟ್ಟದ್ದು ಇದು.

ನಮ್ಮ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಮೊದಲೆಲ್ಲ ಅವರು ದಿನಕ್ಕೊಂದು ಕಥೆ ಓದುತ್ತಿದ್ದವರು. ಮೂರು ವರ್ಷದ ಹಿಂದೆ ಒಂದು ಸಂಜೆ ನಾನು ಸುಮ್ನೆ ಕೇಳಿದೆ, “ಅತ್ತೆ, ಓದಿ ಹೇಳಲಾ?” ಅವರು ಹುರುಳಿ ಆರಿಸುತ್ತಿದ್ದರು. “ಓದು. ಸಣ್ಣದೇ ಇರಲಿ, ನನಗೆ ನಿದ್ದೆ ಬರುತ್ತದೆ” ಅಂದರು. ನಾಲ್ಕು ಪುಟದ ಕಥೆ ಓದಿದೆ. ಮಧ್ಯೆ ಒಂದು ಕಡೆ ಅವರ ಕೈ ಮೊರದ ಮೇಲೆ ನಿಂತಿತು. ಕಥೆಯೊಳಗಿನ ಹೆಂಗಸು ತವರಿನ ಬಾವಿಕಟ್ಟೆ ನೆನಪು ಮಾಡಿಕೊಳ್ಳುವ ಜಾಗ ಅದು. ಓದು ಮುಗಿದ ಮೇಲೆ ಅವರು ತಮ್ಮ ತವರಿನ ಬಾವಿಯ ವಿಷಯ ಹೇಳಿದರು. ಮಳೆಗಾಲದಲ್ಲಿ ಅದು ತುಂಬಿ, ಕೊಡಪಾನವನ್ನು ಹಗ್ಗ ಇಲ್ಲದೆ ಬಗ್ಗಿ ಮುಳುಗಿಸಬಹುದಿತ್ತಂತೆ. ಮದುವೆಯಾಗಿ ಹದಿನಾರು ವರ್ಷ ಅವರ ಜೊತೆ ಒಂದೇ ಮನೆಯಲ್ಲಿದ್ದೂ ನಾನು ಕೇಳದ ಮಾತು.

ನೀವೂ ಮಾಡುವುದಾದರೆ ಕೆಲವು ವಿಷಯ ಗಮನದಲ್ಲಿಡಿ. ಗಟ್ಟಿ ಓದು ನಿಧಾನ, ಅರ್ಧ ಗಂಟೆಗೆ ಹನ್ನೆರಡು ಹದಿನೈದು ಪುಟ ಅಷ್ಟೇ. ಮೊದಲ ವಾರ ಒಂದೇ ಸಲಕ್ಕೆ ಮುಗಿಯುವಂಥದ್ದನ್ನು ಆರಿಸಿ. ಕೇಳುವವರ ಕೈಗೆ ಏನಾದರೂ ಕೆಲಸ ಇರಲಿ. ಹೂ ಕಟ್ಟುವುದು, ಬೆಳ್ಳುಳ್ಳಿ ಸುಲಿಯುವುದು, ಬತ್ತಿ ಹೊಸೆಯುವುದು. ಸುಮ್ಮನೆ ಕೂತು ಕೇಳು ಅಂದರೆ ಪಾಠದ ಹಾಗೆ ಆಗುತ್ತದೆ. ಮಳೆ ಹಂಚಿನ ಮೇಲೆ ಜೋರಾಗಿ ಬಿದ್ದರೆ ನಿಲ್ಲಿಸಿ, ಸ್ವರ ಏರಿಸಿ ಕಿರುಚಬೇಡಿ. ಮಳೆ ಇಳಿಯುವ ತನಕ ಕಥೆಯ ಬಗ್ಗೆ ಮಾತಾಡಿ. ಅವರು ಮಧ್ಯೆ ತಮ್ಮ ಕಥೆ ಶುರು ಮಾಡಿದರೆ ಪುಸ್ತಕ ಮುಚ್ಚಿಬಿಡಿ.

ಎರಡು ಪುಟದ ನೋಟ್ ಬುಕ್

ಒಂದು ಸಾದಾ ನೂರು ಪುಟದ ಪುಸ್ತಕ ಸಾಕು. ತೆರೆದಾಗ ಎಡಗಡೆ ಪುಟ ಓದಿಗೆ, ಬಲಗಡೆ ಪುಟ ದಿನಕ್ಕೆ. ಎಡಕ್ಕೆ ತಾರೀಕು, ಎಲ್ಲಿವರೆಗೆ ಓದಿದೆ, ಅನಿಸಿದ್ದು ಒಂದು ಸಾಲು. ಬಲಕ್ಕೆ ಆ ದಿನ ಚೆನ್ನಾಗಿದ್ದ ಒಂದು ಸಂಗತಿ, ಅದೂ ಒಂದೇ ಸಾಲು. ಎರಡಕ್ಕೂ ಸೇರಿ ಮೂರು ನಿಮಿಷ ಆಗುವುದಿಲ್ಲ.

ನನ್ನ ಕಳೆದ ಆಟಿಯ ಬಲಗಡೆ ಪುಟದಿಂದ ಕೆಲವು:

ನಾಲ್ಕು ದಿನದ ಮೇಲೆ ಬಟ್ಟೆ ಒಣಗಿತು.
ಕೂಳೂರು ಸೇತುವೆ ದಾಟುವಾಗ ಹೊಳೆ ಕೆಂಪಾಗಿತ್ತು. ಕಂಡಕ್ಟರ್ ಕೂಡ ಬಾಗಿ ನೋಡಿದರು.
ಪಕ್ಕದ ಮನೆಯವರು ಕೆಸುವಿನೆಲೆ ಕೊಟ್ಟರು. ನಾಳೆ ಪತ್ರೊಡೆ.
ಅಮಾವಾಸ್ಯೆ. ಹಾಲೆಮರದ ಕಷಾಯ ಕುಡಿದು ಮಗಳು ಅಳಲಿಲ್ಲ, ಮೆಂತೆ ಗಂಜಿ ಎರಡು ಸಲ ಹಾಕಿಸಿಕೊಂಡಳು.
ಶಂಕರಪುರ ಮಲ್ಲಿಗೆ ಅರ್ಧ ಚೆಂಡು. ಅತ್ತೆಗೆ ಮೊದಲು.

ಓದದೆ ಇದ್ದ ದಿನ ಎಡಗಡೆ ಖಾಲಿ ಬಿಡಿ. ಬಲಗಡೆ ಮಾತ್ರ ಏನಾದರೂ ಬರೆಯಲೇಬೇಕು. ತೀರಾ ಕೆಟ್ಟ ದಿನಗಳಲ್ಲಿ ನಾನು ‘ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ’ ಅಂತಷ್ಟೇ ಬರೆದದ್ದುಂಟು. ಅದು ಸುಳ್ಳಲ್ಲ, ಆ ದಿನ ಸಮಾಧಾನ ಕೊಟ್ಟದ್ದು ಅದೇ. ಈ ರೂಢಿ ಬಂದ ಮೇಲೆ ಬಸ್ಸಿನಲ್ಲಿ ಕೂತಾಗ, ಅಂಗಡಿಯಲ್ಲಿ ನಿಂತಾಗ ‘ಇವತ್ತು ಯಾವುದನ್ನು ಬರೆಯಲಿ’ ಅಂತ ಕಣ್ಣು ಹುಡುಕಲು ಶುರುವಾಯಿತು.

ಪುಸ್ತಕ ಒದ್ದೆಯಾದರೆ

ನನ್ನಿಂದ ಒಮ್ಮೆ ಆಗಿದೆ. ಜುಲೈ ತಿಂಗಳು, ಕಿಟಕಿಯ ಕಟ್ಟೆ ಮೇಲೆ ಪುಸ್ತಕ ಇಟ್ಟು ಒಲೆ ನೋಡಲು ಹೋದೆ. ಗಾಳಿ ತಿರುಗಿ ಎರಚಲು ಹೊಡೆಯಿತು. ಬರುವಷ್ಟರಲ್ಲಿ ಅರ್ಧ ಪುಸ್ತಕ ನೀರು ಕುಡಿದಿತ್ತು. ಆ ದಿನ ಕೈಕಾಲು ನಡುಗಿತು. ಆಮೇಲೆ ಕಲಿತದ್ದು ಇಷ್ಟು.

ಮೊದಲು ಗಡಿಬಿಡಿ ಮಾಡಿ ಪುಟ ಬಿಡಿಸಬೇಡಿ, ಒದ್ದೆ ಕಾಗದ ಹರಿಯುತ್ತದೆ. ಒಣ ಬೈರಾಸಿನಿಂದ ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ. ಆಮೇಲೆ ಹತ್ತಿಪ್ಪತ್ತು ಪುಟಕ್ಕೊಂದರಂತೆ ಒಣ ಬಿಳಿ ಕಾಗದ ಇಡಿ. ಸುದ್ದಿ ಪತ್ರಿಕೆ ಬೇಡ, ಅದರ ಶಾಯಿ ಒದ್ದೆ ಪುಟಕ್ಕೆ ಹತ್ತುತ್ತದೆ. ಕಾಗದ ಒದ್ದೆಯಾದ ಹಾಗೆ ಬದಲಿಸುತ್ತಾ ಇರಿ. ಕೂಡಲೇ ಲೆಕ್ಕಕ್ಕಿಂತ ಜಾಸ್ತಿ ತುರುಕಿದರೆ ಬೆನ್ನು ಒಡೆಯುತ್ತದೆ.

ನೀರು ಇಳಿದ ಮೇಲೆ ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಪುಟಗಳನ್ನು ಬೀಸಣಿಗೆಯ ಹಾಗೆ ಸ್ವಲ್ಪ ಬಿಡಿಸಿ ಫ್ಯಾನಿನ ಗಾಳಿಗೆ ಇಡಿ. ಬಿಸಿಲು, ಇಸ್ತ್ರಿ ಪೆಟ್ಟಿಗೆ, ಒಲೆಯ ಹತ್ತಿರದ ಬಿಸಿ ಯಾವುದೂ ಬೇಡ. ಬಿಸಿಗೆ ಕಾಗದ ಸೊಟ್ಟಗಾಗಿ, ಬೆನ್ನಿನ ಗೋಂದು ಬಿಡುತ್ತದೆ. ನಿಮಗಿರುವ ಸಮಯ ಸುಮಾರು 48 ಗಂಟೆ. ಅದರ ಮೇಲೆ ಒದ್ದೆ ಉಳಿದರೆ ಬೂಷ್ಟು ಏಳುತ್ತದೆ, ನಮ್ಮ ಮಳೆಗಾಲದಲ್ಲಿ ಇದರಲ್ಲಿ ಸಂಶಯವೇ ಬೇಡ. ಹಾಗಾಗಿ ರಾತ್ರಿಯೂ ಫ್ಯಾನು ಓಡಲಿ. ಹೆಚ್ಚುಕಮ್ಮಿ ಪೂರ್ತಿ ಒಣಗಿದ ಮೇಲೆ ಮುಚ್ಚಿ, ಮೇಲೆ ಅಕ್ಕಿ ಡಬ್ಬದಂಥ ಭಾರ ಹೇರಿ ಒಂದೆರಡು ದಿನ ಬಿಟ್ಟರೆ ಉಬ್ಬು ಇಳಿಯುತ್ತದೆ.

ಮಕ್ಕಳ ಚಿತ್ರದ ಪುಸ್ತಕಗಳ ನುಣುಪು ಕಾಗದ ಬೇರೆ ಕಥೆ. ಅದು ಒಣಗುವಾಗ ಒಂದಕ್ಕೊಂದು ಅಂಟಿಕೊಂಡು ಹಲಗೆಯಾಗಿಬಿಡುತ್ತದೆ, ಆಮೇಲೆ ಬಿಡಿಸಲು ಆಗುವುದೇ ಇಲ್ಲ. ಹಸಿ ಇರುವಾಗಲೇ ಪ್ರತಿ ಪುಟದ ನಡುವೆ ಕಾಗದ ಹೋಗಬೇಕು. ಆ ಹೊತ್ತಿಗೆ ಸಮಯವೇ ಇಲ್ಲದಿದ್ದರೆ ಪುಸ್ತಕವನ್ನು ತೊಟ್ಟೆಯಲ್ಲಿ ಸುತ್ತಿ ಫ್ರೀಜರಿನಲ್ಲಿ ಇಡಿ. ಕಾಗದ ಹಾಳಾಗುವುದು ಅಲ್ಲಿಗೆ ನಿಲ್ಲುತ್ತದೆ, ಭಾನುವಾರ ತೆಗೆದು ನಿಧಾನವಾಗಿ ಒಣಗಿಸಬಹುದು.

ಹರಿದ ಜಾಗಕ್ಕೆ ಸೆಲ್ಲೋಟೇಪ್ ಹಾಕಬೇಡಿ. ಕೆಲವೇ ವರ್ಷದಲ್ಲಿ ಅದು ಹಳದಿಯಾಗಿ ಅಕ್ಷರವನ್ನೂ ತಿನ್ನುತ್ತದೆ. ಇದ್ದ ಹಾಗೆಯೇ ಲೈಬ್ರರಿಗೆ ಒಯ್ದು ನಡೆದದ್ದನ್ನು ಹೇಳಿ. ನಾನು ಹೇಳಿದೆ. ಹೊಸ ಪ್ರತಿ ತಂದುಕೊಡುತ್ತೇನೆ ಅಂದೆ. ಅವರು ಪುಟ ತಿರುಗಿಸಿ ನೋಡಿ, “ಓದಲಿಕ್ಕೆ ಬರುತ್ತದಲ್ಲ, ಪರವಾಗಿಲ್ಲ” ಅಂದರು. ಬೇರೆ ಕಡೆ ಬೆಲೆ ಕಟ್ಟಿಸಿಕೊಳ್ಳಬಹುದು, ಕಟ್ಟಬೇಕಾದ್ದೇ.

ಹೊರಗೆ ಹೋಗಲಾಗದ ವಾರ

ರೆಡ್ ಅಲರ್ಟ್ ಅಂತ ಶಾಲೆಗಳಿಗೆ ರಜೆ ಕೊಟ್ಟ ವಾರ ಇಡೀ ಕಟ್ಟು ಓದಿ ಮುಗಿದರೆ? 2020ರಲ್ಲಿ ಶುರುವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಉಂಟು. ಫೋನಿನಲ್ಲೇ ಹೆಸರು ನೋಂದಾಯಿಸಬಹುದು, ದುಡ್ಡಿಲ್ಲ. ನಾನು ಅದನ್ನು ತುರ್ತಿಗೆ ಮಾತ್ರ ಬಳಸುತ್ತೇನೆ. ಅಲ್ಲಿ ಹೊರಡುವ ನೆಂಟರು ಇಲ್ಲವಲ್ಲ.

ಹಿಂದೆ ಕೊಡುವ ದಿನ

ಹಿಂದಿನ ರಾತ್ರಿ ಪ್ರತಿ ಪುಸ್ತಕದ ಬೆನ್ನು ಹಿಡಿದು, ಪುಟ ಕೆಳಗೆ ಮಾಡಿ ಮೆಲ್ಲಗೆ ಅಲುಗಿಸಿ. ನಮ್ಮ ಮನೆಯಲ್ಲಿ ಹೀಗೆ ಉದುರಿದ್ದು: ಕರೆಂಟು ಬಿಲ್ಲು, ಮಗಳ ಹೇರ್ ಕ್ಲಿಪ್, ಐವತ್ತರ ಒಂದು ನೋಟು. ಆಮೇಲೆ ಒಣ ಬಟ್ಟೆಯಿಂದ ರಟ್ಟು ಒರೆಸಿ, ತೊಟ್ಟೆಗೆ ಹಾಕಿ.

ಕೌಂಟರಿನಲ್ಲಿ ಕೊಟ್ಟ ಕೂಡಲೇ ಓಡಬೇಡಿ, ನಿಮ್ಮ ಹೆಸರಿನ ಮುಂದೆ ಗುರುತು ಬಿತ್ತಾ ನೋಡಿ. ಹಿಂಬದಿಯ ರಟ್ಟಿಗೆ ಅಂಟಿಸಿದ ತಾರೀಕಿನ ಚೀಟಿಯನ್ನು ಒಮ್ಮೆ ಓದಿ. ನೇರಳೆ ಶಾಯಿಯ ಮೊಹರುಗಳು, ಒಂದರ ಕೆಳಗೊಂದು. ಕಳೆದ ತಿಂಗಳು ನಾನು ಕೊಟ್ಟ ಒಂದು ಪುಸ್ತಕದಲ್ಲಿ ನನ್ನದಕ್ಕಿಂತ ಹಿಂದಿನ ತಾರೀಕು ಒಂಬತ್ತು ವರ್ಷ ಹಳೆಯದು. ಅಷ್ಟು ವರ್ಷ ಅದು ಆ ಕಪಾಟಿನಲ್ಲಿ ಕಾದಿತ್ತು. ಇನ್ನೊಂದರಲ್ಲಿ ಜಾಗವೇ ಇಲ್ಲದೆ ಚೀಟಿಯ ಮೇಲೆ ಚೀಟಿ ಅಂಟಿಸಿದ್ದರು.

ಹೊಸ ಕಟ್ಟನ್ನು ಕಪಾಟಿನಿಂದ ಅಲ್ಲ, ಬೇರೆಯವರು ಅವತ್ತೇ ಹಿಂದೆ ಕೊಟ್ಟ ಪುಸ್ತಕ ಇಡುವ ಮೇಜಿನಿಂದ ಶುರು ಮಾಡಿ. ಊರಿನವರು ನಿಜವಾಗಿ ಓದುವುದು ಏನು ಅಂತ ಅಲ್ಲಿ ಗೊತ್ತಾಗುತ್ತದೆ. ಮನೆಯಲ್ಲಿರುವವರಿಗೆ ಎಂತ ಬೇಕು ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ. ಕಳೆದ ಭಾನುವಾರ ನಾನು ಕೊಡೆ ಬಿಡಿಸುತ್ತಿರುವಾಗ ಅತ್ತೆ ಒಳಗಿನಿಂದ ಕೂಗಿ ಹೇಳಿದರು, “ಈ ಸಲ ಸ್ವಲ್ಪ ದಪ್ಪದ್ದೇ ತಾ. ಸಣ್ಣದು ಬೇಗ ಮುಗಿಯುತ್ತದೆ.”